ಸೀಸೆಯಲ್ಲಿರುವುದು ಯಾವ ಬೆಳೆಯ ಮದ್ಯ?

ಮಾನ್ಯ ಅಧ್ಯಕ್ಷರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ,

ಕಬ್ಬಿನ ಕಾಕಂಬಿಯಿಂದ ಬಂದ ಎಥೆನಾಲ್ ಆಗಲಿ, ಬಾರ್ಲಿಯಿಂದ ಬಂದ ಎಥೆನಾಲ್ ಆಗಲಿ, ಅಣುವಿನ ರಚನೆಯಲ್ಲಿ ಎರಡೂ ಒಂದೇ. ಎರಡೂ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತವೆ. ಧಾನ್ಯವನ್ನು ಗುರುತಿಸಲು ನೆರವಾಗಬಹುದಾಗಿದ್ದ ಪಿಷ್ಟ, ಪ್ರೋಟೀನು, ಡಿಎನ್‌ಎ ಇವೆಲ್ಲ ಭಟ್ಟಿಯ ಹಂಡೆಯಲ್ಲೇ ಉಳಿಯುತ್ತವೆ; ಆವಿಯಾಗಬಲ್ಲ ಪದಾರ್ಥಗಳಷ್ಟೇ ಮೇಲೇರಿ ತಂಪಾಗಿ ಸೀಸೆಗೆ ಇಳಿಯುತ್ತವೆ. ಹೀಗಿರುವಾಗ ಚೀಟಿಯ ಮೇಲೆ ‘ಮಾಲ್ಟ್’, ಅಂದರೆ ಮೊಳಕೆ ಬರಿಸಿದ ಬಾರ್ಲಿ, ಎಂದು ಅಚ್ಚಾಗಿರುವ ಮದ್ಯ ನಿಜಕ್ಕೂ ಬಾರ್ಲಿಯದೇ ಎಂದು ರಸಾಯನಶಾಸ್ತ್ರಜ್ಞ ಹೇಗೆ ತೀರ್ಮಾನಿಸುತ್ತಾನೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ಈ ಪ್ರಶ್ನೆ ಬರೀ ಕುತೂಹಲದ್ದಲ್ಲ, ಇದರ ಹಿಂದೆ ಕಾನೂನೂ ಹಣವೂ ಇವೆ. ಯೂರೋಪಿಯನ್ ಒಕ್ಕೂಟದ ನಿಯಮದಂತೆ ವಿಸ್ಕಿಯನ್ನು ಧಾನ್ಯದಿಂದ ಮಾತ್ರ ತಯಾರಿಸಬೇಕು. ಭಾರತದಲ್ಲಿ ವಿಸ್ಕಿ ಎಂದು ಮಾರಾಟವಾಗುವ ಮದ್ಯದ ದೊಡ್ಡ ಪಾಲಿನಲ್ಲಿರುವುದಾದರೋ ಕಾಕಂಬಿಯಿಂದ ತೆಗೆದು ಶುದ್ಧೀಕರಿಸಿದ ಮದ್ಯಸಾರ, ಅಂದರೆ ಅಬಕಾರಿ ಭಾಷೆಯ ಇಎನ್‌ಎ. ಅದನ್ನು ಅಲ್ಲಿ ವಿಸ್ಕಿ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿದ್ದು ಈ ಹಿನ್ನೆಲೆಯಲ್ಲೇ. ಕಾಕಂಬಿಯ ವಿಸ್ಕಿಗೆ ಹೆಸರಾದ ದೇಶದಿಂದ ಬಂದ ಮಾಲ್ಟ್ ವಿಸ್ಕಿಗೆ, ಅದು ಬಾರ್ಲಿಯದೇ ಎಂಬುದು ತೋರಿಸಿಕೊಡಬೇಕಾದ ಸಂಗತಿಯಾಗಿತ್ತು.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ‘ಇದು ಯಾವುದರಿಂದ ಆದದ್ದು?’ ಎಂಬ ಪ್ರಶ್ನೆಗಿಂತ ‘ಚೀಟಿಯ ಮೇಲೆ ಬರೆದದ್ದು ಸುಳ್ಳೇ?’ ಎಂಬ ಪ್ರಶ್ನೆಗೆ ವಿಶ್ಲೇಷಣೆ ಹೆಚ್ಚು ಖಚಿತವಾಗಿ ಉತ್ತರಿಸುತ್ತದೆ. ಪತ್ರಿಕೆಗಳಲ್ಲಿ ಬರುವ ವರದಿಗಳು ಈ ಎರಡನ್ನೂ ಬೆರೆಸಿಬಿಡುವುದೇ ಹೆಚ್ಚು.

ಹಳೆಯ ದಾರಿ ಗ್ಯಾಸ್ ಕ್ರೊಮಾಟೊಗ್ರಾಫಿಯದು. ಎಥೆನಾಲ್ ಜೊತೆಗೆ ಅಲ್ಪ ಪ್ರಮಾಣದಲ್ಲಿ ಇಳಿದು ಬರುವ ಮೆಥನಾಲ್, ಪ್ರೊಪನಾಲ್, ಐಸೊಅಮೈಲ್ ಆಲ್ಕೊಹಾಲ್, ಎಸ್ಟರ್‌ಗಳು, ಆಲ್ಡಿಹೈಡ್‌ಗಳು ಇವನ್ನು ಬಿಡಿಬಿಡಿಯಾಗಿ ಅಳೆದು, ಅವುಗಳ ಪರಸ್ಪರ ಪ್ರಮಾಣದಿಂದ ಮೂಲವನ್ನು ಊಹಿಸುವುದು. ಹಣ್ಣಿನ ಪೆಕ್ಟಿನ್ ಒಡೆದಾಗ ಮೆಥನಾಲ್ ಬಿಡುಗಡೆಯಾಗುವುದರಿಂದ ಹಣ್ಣಿನ ಮದ್ಯದಲ್ಲಿ ಅದು ಹೆಚ್ಚು, ಧಾನ್ಯದ ಮದ್ಯದಲ್ಲಿ ಕಡಿಮೆ. ಯೂರೋಪಿನ ನಿಯಮ ನೂರು ಲೀಟರ್ ಶುದ್ಧ ಮದ್ಯಸಾರಕ್ಕೆ ಹಣ್ಣಿನ ಮದ್ಯದಲ್ಲಿ 1000 ಗ್ರಾಂವರೆಗೂ, ವೋಡ್ಕಾದಲ್ಲಿ 10 ಗ್ರಾಂವರೆಗೆ ಮಾತ್ರವೂ ಮೆಥನಾಲ್‌ಗೆ ಅವಕಾಶ ಕೊಟ್ಟಿರುವುದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ. ಚೆರ್ರಿ, ಪ್ಲಮ್ ಮೊದಲಾದ ಓಟೆಯಿರುವ ಹಣ್ಣುಗಳಿಂದ ಬೆಂಜಾಲ್ಡಿಹೈಡ್ ಬರುತ್ತದೆ. ಆದರೆ ಐಸೊಅಮೈಲ್‌ನಂಥ ಆಲ್ಕೊಹಾಲ್‌ಗಳನ್ನು ಯೀಸ್ಟು ಅಮೈನೊ ಆಮ್ಲಗಳಿಂದ ತಾನೇ ತಯಾರಿಸುತ್ತದೆ. ಅವು ಬೆಳೆಯ ಜೊತೆಗೆ ಯೀಸ್ಟಿನ ತಳಿಯನ್ನೂ ಹುದುಗುವಿಕೆಯ ಉಷ್ಣತೆಯನ್ನೂ ಹೇಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಎತ್ತರದ ಸ್ತಂಭಗಳಲ್ಲಿ 96 ಪ್ರತಿಶತದವರೆಗೆ ಶುದ್ಧೀಕರಿಸಿದ ಮದ್ಯಸಾರದಲ್ಲಿ ಈ ಸಹವಾಸಿಗಳು ಬಹುಮಟ್ಟಿಗೆ ಉಳಿಯುವುದೇ ಇಲ್ಲ. ಕಲಬೆರಕೆಗೆ ಬಳಕೆಯಾಗುವುದು ಇಂಥ ಮದ್ಯಸಾರವೇ.

ಶುದ್ಧೀಕರಣದಿಂದ ಅಳಿಸಲಾಗದ ಗುರುತು ಎಥೆನಾಲ್ ಅಣುವಿನೊಳಗೇ ಇದೆ. ನಿಸರ್ಗದಲ್ಲಿರುವ ಇಂಗಾಲದಲ್ಲಿ ಸುಮಾರು 1.1 ಪ್ರತಿಶತದಷ್ಟು, 12ರ ಬದಲು 13 ದ್ರವ್ಯಸಂಖ್ಯೆಯ ಸಮಸ್ಥಾನಿ, ಅಂದರೆ ಐಸೊಟೋಪ್. ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುವಾಗ ಸಸ್ಯಗಳು ಹಗುರವಾದ ಇಂಗಾಲ-12ಕ್ಕೆ ಒಲವು ತೋರುತ್ತವೆ. ಎಲ್ಲ ಸಸ್ಯಗಳ ಒಲವೂ ಒಂದೇ ಮಟ್ಟದ್ದಲ್ಲ. ಹವಾಯಿ ದ್ವೀಪದಲ್ಲಿ ಕಬ್ಬಿನ ಮೇಲೆ ಕೆಲಸ ಮಾಡುತ್ತಿದ್ದ ಹ್ಯೂಗೊ ಕಾರ್ಟ್‌ಶಾಕ್ ಮತ್ತು ಸಂಗಡಿಗರು, ಕಬ್ಬಿನ ಎಲೆಯಲ್ಲಿ ಮೊದಲು ರೂಪುಗೊಳ್ಳುವುದು ಮೂರು ಇಂಗಾಲದ ಸಂಯುಕ್ತವಲ್ಲ, ನಾಲ್ಕು ಇಂಗಾಲದ ಆಮ್ಲ ಎಂಬುದನ್ನು ಗಮನಿಸಿದ್ದರು. 1966ರಲ್ಲಿ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಆ ಮಾರ್ಗವನ್ನು ವಿವರಿಸಿದರು. ಮೊದಲ ಸಂಯುಕ್ತದಲ್ಲಿರುವ ಇಂಗಾಲಗಳ ಎಣಿಕೆಯಿಂದಲೇ ಸಸ್ಯಗಳಿಗೆ ಸಿ-3, ಸಿ-4 ಎಂಬ ಹೆಸರು; ಇಂಗಾಲ-12ರತ್ತ ಸಿ-4 ಸಸ್ಯಗಳ ಒಲವು ಕಡಿಮೆ. ಬಾರ್ಲಿ, ಗೋಧಿ, ಭತ್ತ, ಆಲೂಗಡ್ಡೆ, ದ್ರಾಕ್ಷಿ, ಸಕ್ಕರೆ ಬೀಟ್ ಇವು ಸಿ-3 ಸಸ್ಯಗಳು. ಕಬ್ಬು, ಮೆಕ್ಕೆಜೋಳ ಮತ್ತು ನಮ್ಮ ಹೊಲಗಳ ಜೋಳ, ರಾಗಿ, ಸಜ್ಜೆಗಳು ಸಿ-4 ಸಸ್ಯಗಳು. ಅಂತರರಾಷ್ಟ್ರೀಯ ಮಾನಕಕ್ಕೆ ಹೋಲಿಸಿ ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಹೇಳುವ ಡೆಲ್ಟಾ ಮೌಲ್ಯ ಸಿ-3 ಸಸ್ಯಗಳಲ್ಲಿ ಸುಮಾರು ಮೈನಸ್ 24ರಿಂದ ಮೈನಸ್ 30, ಸಿ-4 ಸಸ್ಯಗಳಲ್ಲಿ ಸುಮಾರು ಮೈನಸ್ 10ರಿಂದ ಮೈನಸ್ 14. ಎರಡು ಗುಂಪುಗಳ ನಡುವೆ ಇಷ್ಟು ದೊಡ್ಡ ಅಂತರ ಸಿಗುವುದು ವಿಶ್ಲೇಷಣಾ ರಸಾಯನಶಾಸ್ತ್ರದಲ್ಲಿ ಅಪರೂಪದ ಭಾಗ್ಯ.

ಅಳೆಯುವ ಕ್ರಮ ಹೀಗಿದೆ. ಕೆಲವೇ ಮೈಕ್ರೊಲೀಟರ್ ಮದ್ಯವನ್ನು ಕ್ರೊಮಾಟೊಗ್ರಾಫ್‌ಗೆ ಚುಚ್ಚಿದರೆ ಎಥೆನಾಲ್ ಉಳಿದವುಗಳಿಂದ ಬೇರ್ಪಟ್ಟು, ತಾಮ್ರದ ಆಕ್ಸೈಡ್ ತುಂಬಿದ ಕೆಂಪಗೆ ಕಾದ ಕೊಳವೆಯಲ್ಲಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನೀರಿನ ಆವಿಯನ್ನು ತೆಗೆದುಹಾಕಿದ ಮೇಲೆ ಆ ಅನಿಲವನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ ಹಾಯಿಸಿ, 44, 45 ಮತ್ತು 46 ದ್ರವ್ಯರಾಶಿಯ ಅಯಾನುಗಳ ಪ್ರವಾಹವನ್ನು ಏಕಕಾಲಕ್ಕೆ ಅಳೆಯುತ್ತಾರೆ. 45ರಲ್ಲಿ ಇಂಗಾಲ-13 ಅಲ್ಲದೆ ಆಮ್ಲಜನಕ-17ರ ಅಲ್ಪ ಪಾಲೂ ಸೇರಿರುವುದರಿಂದ, 46ರ ಪ್ರವಾಹವನ್ನು ಬಳಸಿ ಆ ಪಾಲನ್ನು ಕಳೆಯಬೇಕಾಗುತ್ತದೆ. ಇಷ್ಟಾದ ಮೇಲೆ ಸಿಗುವ ಸಂಖ್ಯೆ ಸಾವಿರಕ್ಕೆ 0.1 ಅಥವಾ 0.2ರಷ್ಟು ನಿಖರ.

ಸಂಖ್ಯೆ ನಿಖರವಾಗಿದ್ದ ಮಾತ್ರಕ್ಕೆ ತೀರ್ಮಾನವೂ ಅಷ್ಟೇ ನಿಖರವೆಂದು ತಿಳಿಯಬಾರದು. ಮಾಲ್ಟ್ ಎಂದು ಬರೆದ ಸೀಸೆಯೊಂದರ ಎಥೆನಾಲ್ ಮೈನಸ್ 19.5 ತೋರಿಸಿತೆಂದು ಭಾವಿಸೋಣ. ಶುದ್ಧ ಬಾರ್ಲಿಯದು ಮೈನಸ್ 26, ಕಾಕಂಬಿಯದು ಮೈನಸ್ 13 ಎಂದು ಹಿಡಿದರೆ ಕಲಬೆರಕೆ ಸರಿಯಾಗಿ ಅರ್ಧ. ಆದರೆ ಬಾರ್ಲಿಯ ಮೌಲ್ಯ ಎಲ್ಲ ವರ್ಷವೂ ಒಂದೇ ಆಗಿರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಎಲೆಯ ಪತ್ರರಂಧ್ರಗಳು ಮುಚ್ಚಿಕೊಂಡೇ ಇರುವುದರಿಂದ ಮೌಲ್ಯ ಸೊನ್ನೆಯತ್ತ ಸರಿಯುತ್ತದೆ. ಶುದ್ಧ ಬಾರ್ಲಿಯದು ಮೈನಸ್ 24 ಎಂದಾದರೆ ಕಲಬೆರಕೆ 41 ಪ್ರತಿಶತ, ಮೈನಸ್ 28 ಎಂದಾದರೆ 57 ಪ್ರತಿಶತ. ಕಲಬೆರಕೆ ನಡೆದಿದೆ ಎಂಬುದರಲ್ಲಿ ಮೂರೂ ಲೆಕ್ಕಗಳು ಒಮ್ಮತದವು. ಎಷ್ಟು ಎಂಬುದರಲ್ಲಿ ಅಲ್ಲ. ಅದೇ ಹತ್ತು ಪ್ರತಿಶತ ಕಾಕಂಬಿ ಮದ್ಯಸಾರ ಬೆರೆಸಿದವನನ್ನು ಈ ಒಂದೇ ಪರೀಕ್ಷೆಯಿಂದ ಹಿಡಿಯುವುದು ಕಷ್ಟ, ಏಕೆಂದರೆ ಅದರಿಂದಾಗುವ 1.3ರ ಬದಲಾವಣೆ ಬಾರ್ಲಿಯ ಸಹಜ ಏರಿಳಿತದಲ್ಲೇ ಕರಗಿಹೋಗುತ್ತದೆ.

ಇನ್ನು ಈ ವಿಧಾನ ಸೋಲುವ ಸಂದರ್ಭಗಳು. ಮೆಕ್ಸಿಕೊದ ಟೆಕೀಲಾ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೂಲ ನೀಲಿ ಅಗೇವ್, ನಮ್ಮ ಬೇಲಿಗಳ ಕತ್ತಾಳೆಯ ಕುಲದ ಗಿಡ. ‘ನೂರು ಪ್ರತಿಶತ ಅಗೇವ್’ ಎಂದು ಬರೆಯದ ಟೆಕೀಲಾದಲ್ಲಿ ಶೇಕಡಾ 49ರವರೆಗೆ ಬೇರೆ ಮೂಲದ ಸಕ್ಕರೆ ಸೇರಿಸಲು ಕಾನೂನೇ ಒಪ್ಪಿಗೆ ಕೊಡುತ್ತದೆ, ಮತ್ತು ಸಾಮಾನ್ಯವಾಗಿ ಸೇರಿಸುವುದು ಕಬ್ಬಿನದನ್ನೇ. ತೊಂದರೆಯೇನೆಂದರೆ, ಅಗೇವ್ ರಾತ್ರಿಯ ಹೊತ್ತು ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟುಕೊಳ್ಳುವ ಗಿಡ. ಆ ಮೊದಲ ಹೀರಿಕೆಗೆ ಅದು ಬಳಸುವ ಕಿಣ್ವ ಕಬ್ಬು ಬಳಸುವ ಕಿಣ್ವವೇ. ಇಂಗಾಲದ ಮೌಲ್ಯಗಳು ಅಕ್ಕಪಕ್ಕದಲ್ಲೇ ಬಂದು ನಿಲ್ಲುವುದರಿಂದ ಸಮಸ್ಥಾನಿಯ ಸಾಕ್ಷ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆಗ ನಾವು ದುರ್ಬಲವೆಂದು ಬದಿಗಿಟ್ಟಿದ್ದ ಹಳೆಯ ದಾರಿಯೇ ನೆರವಿಗೆ ಬರುತ್ತದೆ: ಪೂರ್ಣ ಅಗೇವ್ ಟೆಕೀಲಾದಲ್ಲಿ ಮೆಥನಾಲ್ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಮತ್ತು ಅಗೇವ್‌ನಿಂದ ಬಂದ ಟರ್ಪೀನ್‌ಗಳು ಕಬ್ಬಿನ ಸಕ್ಕರೆ ಸೇರಿದಷ್ಟೂ ತೆಳುವಾಗುತ್ತವೆ.

ದ್ರಾಕ್ಷಿ ಮತ್ತು ಬೀಟ್ ಎರಡೂ ಸಿ-3 ಆಗಿದ್ದುದರಿಂದ, ವೈನಿಗೆ ಬೀಟ್ ಸಕ್ಕರೆ ಬೆರೆಸಿದ್ದನ್ನು ಪತ್ತೆಹಚ್ಚುವಲ್ಲಿ ಫ್ರಾನ್ಸಿನ ವೈನ್ ಉದ್ಯಮಕ್ಕೆ ಇಂಥದೇ ತೊಡಕು ಎದುರಾಗಿತ್ತು. ಅದನ್ನು ಬಿಡಿಸಿದವರು ನಾಂತ್ ವಿಶ್ವವಿದ್ಯಾಲಯದ ಜೆರಾರ್ ಮಾರ್ತಾಂ ಮತ್ತು ಮರಿವೋನ್ ಮಾರ್ತಾಂ. ಎಥೆನಾಲ್ ಅಣುವಿನ ಮೀಥೈಲ್ ತುದಿಯಲ್ಲಿ ಎಷ್ಟು ಡ್ಯೂಟೀರಿಯಂ, ಅಂದರೆ ಜಲಜನಕದ ಭಾರವಾದ ಸಮಸ್ಥಾನಿ, ಇದೆ, ಅದರ ಪಕ್ಕದ ಮೆಥಿಲೀನ್ ಗುಂಪಿನಲ್ಲಿ ಎಷ್ಟಿದೆ ಎಂಬುದನ್ನು ಅವರು ಎನ್‌ಎಂಆರ್ (ನ್ಯೂಕ್ಲಿಯರ್ ಕಾಂತೀಯ ಅನುರಣನ) ಮೂಲಕ ಬೇರೆಬೇರೆಯಾಗಿ ಅಳೆದು ತೋರಿಸಿದರು. ಮೀಥೈಲ್ ತುದಿ ಸಕ್ಕರೆಯ ಮೂಲವನ್ನು, ಮೆಥಿಲೀನ್ ಗುಂಪು ಹುದುಗಿದ ನೀರನ್ನು ಹೆಚ್ಚಾಗಿ ಪ್ರತಿಬಿಂಬಿಸುತ್ತದೆ. ಬೀಟ್ ಸಕ್ಕರೆಯಿಂದಾದ ಎಥೆನಾಲ್‌ನ ಮೀಥೈಲ್ ತುದಿಯಲ್ಲಿ ಡ್ಯೂಟೀರಿಯಂ ಪ್ರಮಾಣ ದಶಲಕ್ಷಕ್ಕೆ ಸುಮಾರು 92, ಕಬ್ಬಿನದರಲ್ಲಿ ಸುಮಾರು 110, ದ್ರಾಕ್ಷಿಯದು ಇವೆರಡರ ನಡುವೆ. 1987ರಲ್ಲಿ ನಾಂತ್‌ನಲ್ಲಿ ಹುಟ್ಟಿದ ಯೂರೋಫಿನ್ಸ್ ಸಂಸ್ಥೆ ಆರಂಭದಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ತಂತ್ರವನ್ನು. ಇಂಗಾಲದ ಮೌಲ್ಯವನ್ನೂ ಡ್ಯೂಟೀರಿಯಂ ಮೌಲ್ಯವನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದಾಗ, ಒಂದರಲ್ಲಿ ಬೆರೆತು ಕಂಡ ಬೆಳೆಗಳು ಇನ್ನೊಂದರಲ್ಲಿ ದೂರ ಸರಿಯುತ್ತವೆ.

ಕಾಲ ಕಳೆದಂತೆ ಕ್ಷಯಿಸಿಹೋಗುವ ವಿಕಿರಣಶೀಲ ಸಮಸ್ಥಾನಿಯಾದ ಇಂಗಾಲ-14ರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪೆಟ್ರೋಲಿಯಂ ಮೂಲದ ಎಥಿಲೀನ್‌ನಿಂದ ಕೃತಕವಾಗಿ ತಯಾರಿಸಿದ ಎಥೆನಾಲ್‌ನಲ್ಲಿ ಅದು ಇರುವುದೇ ಇಲ್ಲ, ಆದ್ದರಿಂದ ‘ಕೃಷಿಮೂಲದ್ದೇ?’ ಎಂಬ ಪ್ರಶ್ನೆಗೆ ಅದು ನೇರ ಉತ್ತರ. 2018ರಲ್ಲಿ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದು ಅಪರೂಪದ್ದೆನ್ನಲಾದ ಹಳೆಯ ಸ್ಕಾಚ್‌ನ 55 ಸೀಸೆಗಳನ್ನು ಇದೇ ಸಮಸ್ಥಾನಿಯಿಂದ ಪರೀಕ್ಷಿಸಿದಾಗ 21 ಸೀಸೆಗಳು ನಕಲಿ, ಇಲ್ಲವೇ ಚೀಟಿಯಲ್ಲಿದ್ದ ವರ್ಷದವಲ್ಲ ಎಂದು ಗೊತ್ತಾಯಿತು. ಅದು ಬೆಳೆಯ ಪ್ರಶ್ನೆಯಲ್ಲ, ವಯಸ್ಸಿನದು. ಹಾಗೆಯೇ ಮದ್ಯದಲ್ಲಿನ ನೀರಿನ ಆಮ್ಲಜನಕ-18 ಬೆಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೀಸೆಗೆ ತುಂಬುವ ಮುನ್ನ ಹದಗೊಳಿಸಲು ಬೆರೆಸಿದ ನೀರು ಎಲ್ಲಿಯದೆಂಬ ಸುಳಿವನ್ನಷ್ಟೇ ಕೊಡುತ್ತದೆ. ಮಾಗಿದ ಮದ್ಯದಲ್ಲಿ ಕಾಣುವ ವೆನಿಲಿನ್, ಸಿರಿಂಜಾಲ್ಡಿಹೈಡ್‌ಗಳೂ ಓಕ್ ಪೀಪಾಯಿಯವು, ಬೆಳೆಯವಲ್ಲ.

ನಮ್ಮ ನೆರೆಯ ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಗೇರು ಸಿ-3 ಮರವಾದ್ದರಿಂದ ಅದಕ್ಕೆ ಕಾಕಂಬಿಯ ಮದ್ಯಸಾರ ಬೆರೆಸಿದರೆ ಇಂಗಾಲದ ಮೌಲ್ಯ ಸೊನ್ನೆಯತ್ತ ಸರಿದು ಸಿಕ್ಕಿಬೀಳುತ್ತದೆ. ಆದರೆ ಈಗ ದೇಶದಲ್ಲಿ ನುಚ್ಚಕ್ಕಿಯಿಂದಲೂ ಮದ್ಯಸಾರ ತಯಾರಾಗುತ್ತಿದೆ; ಭತ್ತವೂ ಸಿ-3, ಆದ್ದರಿಂದ ಅದನ್ನು ಬೆರೆಸಿದವನು ಈ ಜಾಲರಿಯಿಂದ ನುಸುಳಿಹೋಗುತ್ತಾನೆ. ಅವನನ್ನು ಹಿಡಿಯಬೇಕಾದರೆ ಡ್ಯೂಟೀರಿಯಂ ಮೌಲ್ಯವೂ ಫೆನಿಯ ಎಸ್ಟರ್‌ಗಳ ಅಳತೆಯೂ ಬೇಕು. ಜೊತೆಗೆ ಊರೂರಿನ ಭಟ್ಟಿಗಳಿಂದ, ಬೇರೆಬೇರೆ ವರ್ಷಗಳಲ್ಲಿ, ನಮ್ಮ ಕಣ್ಣೆದುರೇ ಇಳಿಸಿದ ಫೆನಿಯ ಮಾದರಿಗಳ ಸಂಗ್ರಹವೂ ಬೇಕು. ಯಂತ್ರವನ್ನು ಹಣ ಕೊಟ್ಟು ಕೊಳ್ಳಬಹುದು; ಅಂಥ ಸಂಗ್ರಹವನ್ನು ಸುಗ್ಗಿಯಿಂದ ಸುಗ್ಗಿಗೆ ಕಾದು ಕಟ್ಟಬೇಕು.

ಆದ್ದರಿಂದ ಪ್ರಯೋಗಾಲಯದ ವರದಿ ಬರೆಯುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟು: ಮಾಲ್ಟ್ ಎಂದ ಸೀಸೆಯ ಎಥೆನಾಲ್ ಮೈನಸ್ 12 ತೋರಿಸಿದರೆ ‘ಇದು ಕಬ್ಬಿನದು’ ಎಂದು ಬರೆಯಬೇಡಿ, ಅದು ಮೆಕ್ಕೆಜೋಳದ್ದೂ ಜೋಳದ್ದೂ ಆಗಿರಬಹುದು. ‘ಇದು ಬಾರ್ಲಿಯಿಂದ ಮಾತ್ರ ಆದದ್ದೆಂಬ ಹೇಳಿಕೆಗೆ ಈ ಮೌಲ್ಯ ಹೊಂದುವುದಿಲ್ಲ’ ಎಂದು ಬರೆದು, ಹೋಲಿಕೆಗೆ ಬಳಸಿದ ಮಾದರಿಗಳ ಮೌಲ್ಯದ ವ್ಯಾಪ್ತಿಯನ್ನು ಅದರ ಕೆಳಗೇ ನಮೂದಿಸಿ.