ಕುಂಡಕ್ಕೆ ತಳ ಯಾಕೆ ಬೇಕು ಹೇಳಿ?

ನಮಸ್ಕಾರ. ಇವತ್ತು ಸ್ವಲ್ಪ ಜಗಳಕ್ಕೆ ಬಂದವರ ಹಾಗೆ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆ ಮುಂದೆ ಒಂದಿಷ್ಟು ಜಾಗ ಇದೆ, ನಿಜವಾದ ಮಣ್ಣು ಇದೆ. ಆದರೂ ಆ ಮಣ್ಣಿನ ಮೇಲೆ ಕುಂಡ ಇಟ್ಟು, ಕುಂಡದೊಳಗೆ ಗಿಡ ನೆಟ್ಟು, ದಿನಾ ಬೆಳಗ್ಗೆ ಎದ್ದು ನೀರು ಹೊರುತ್ತೀರಲ್ಲ, ಯಾಕೆ? ಗಿಡಕ್ಕೂ ನೆಲಕ್ಕೂ ನಡುವೆ ಅಡ್ಡ ಇರುವುದು ಆ ಒಂದು ತಳ ಮಾತ್ರ. ಅದನ್ನು ಕೊಯ್ದು ಬಿಸಾಕಿ ಅನ್ನುವುದೇ ನನ್ನ ವಾದ.

ತಳ ಇರುವುದು ಕುಂಡವನ್ನು ಎತ್ತಿ ಸಾಗಿಸಲಿಕ್ಕೆ. ನರ್ಸರಿಯಿಂದ ಗಾಡಿಗೆ, ಗಾಡಿಯಿಂದ ನಿಮ್ಮ ಮನೆಗೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಗಿಡಕ್ಕೆ ಅದರಿಂದ ಯಾವ ಉಪಕಾರವೂ ಇಲ್ಲ.

ತಳದಲ್ಲಿ ತೂತು ಇದೆಯಲ್ಲ, ನೀರು ಹೋಗುತ್ತಲ್ಲ ಅಂತೀರಿ. ಹೋಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಮಣ್ಣಿನ ಕಣಗಳ ಸಂದಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ನೆಲದಲ್ಲಾದರೆ ಕೆಳಗಿನ ಮಣ್ಣು ಅದನ್ನು ಎಳೆದುಕೊಳ್ಳುತ್ತಾ ಹೋಗುತ್ತದೆ. ಕುಂಡದಲ್ಲಿ ಮಣ್ಣು ತಳದಲ್ಲೇ ಮುಗಿದುಹೋಗುತ್ತದೆ, ಅದರ ಕೆಳಗೆ ಎಳೆಯುವವರು ಯಾರೂ ಇಲ್ಲ. ಹಾಗಾಗಿ ತೂತಿನಿಂದ ತೊಟ್ಟಿಕ್ಕುವುದು ನಿಂತ ಮೇಲೂ ತಳದ ಕೆಲವು ಸೆಂಟಿಮೀಟರ್ ಮಣ್ಣು ಒದ್ದೆಮುದ್ದೆಯಾಗಿಯೇ ಉಳಿಯುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ ನೋಡಿ. ಈ ಒದ್ದೆ ಪದರ ಎಷ್ಟು ದಪ್ಪ ಅನ್ನುವುದನ್ನು ತೀರ್ಮಾನಿಸುವುದು ಮಣ್ಣಿನ ನುಣುಪು, ಕುಂಡದ ಎತ್ತರ ಅಲ್ಲ. ಅಂದರೆ 4 ಸೆಂ.ಮೀ. ಒದ್ದೆ ನಿಲ್ಲುವ ಮಣ್ಣನ್ನು 10 ಸೆಂ.ಮೀ. ಕುಂಡಕ್ಕೆ ತುಂಬಿದರೆ ಹೆಚ್ಚುಕಡಿಮೆ ಅರ್ಧ ಕುಂಡ ಕೆಸರು. ಅದೇ ಮಣ್ಣನ್ನು 40 ಸೆಂ.ಮೀ. ಕುಂಡಕ್ಕೆ ತುಂಬಿದರೆ ಅಷ್ಟೇನೂ ತೊಂದರೆ ಇಲ್ಲ. ಗಿಡ್ಡ ಕುಂಡದಲ್ಲಿ ಬೇರು ಬೇಗ ಕೊಳೆಯುವುದು ಇದಕ್ಕೇ.

ತಳಕ್ಕೆ ಜಲ್ಲಿ ಹಾಕಿ, ಹೆಂಚಿನ ಚೂರು ಹಾಕಿ, ನೀರು ಚೆನ್ನಾಗಿ ಇಳಿಯುತ್ತೆ ಅನ್ನುವ ಸಲಹೆ ಕೇಳಿರುತ್ತೀರಿ. ದಯವಿಟ್ಟು ಬಿಟ್ಟುಬಿಡಿ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಹೋಗಿ ಕೂರುತ್ತದೆ, ಬೇರಿಗೆ ಇನ್ನೂ ಹತ್ತಿರ. ಮೊದಲೇ ಇದ್ದ ಸ್ವಲ್ಪ ಜಾಗವೂ ಹೋಯ್ತು.

ಇನ್ನು ಬೇರಿನ ಪಾಡು. ಕೆಳಗೆ ಇಳಿಯಲು ಹೊರಟ ಬೇರು ತಳಕ್ಕೆ ತಾಗಿ ತಿರುಗುತ್ತದೆ, ಗೋಡೆಗೆ ತಾಗಿ ಮತ್ತೆ ತಿರುಗುತ್ತದೆ, ಆಮೇಲೆ ಗಾಣದೆತ್ತಿನ ಹಾಗೆ ಅಲ್ಲೇ ಸುತ್ತು ಹೊಡೆಯುತ್ತಾ ಇರುತ್ತದೆ. ಮರ, ಪೊದೆಯ ಜಾತಿಗಳಲ್ಲಿ ಇದು ಸುಮ್ನೆ ಬಿಡುವ ವಿಷಯವಲ್ಲ. ಸುತ್ತಿದ ಬೇರು ವರ್ಷಗಳ ಮೇಲೆ ದಪ್ಪವಾಗಿ ಕಾಂಡದ ಬುಡವನ್ನೇ ಬಿಗಿಯಬಹುದು.

ತಳ ತೆಗೆದು ಮಣ್ಣಿನ ಮೇಲೆ ಕೂರಿಸಿದಾಗ ಏನಾಗುತ್ತದೆ? ಕುಂಡದ ಮಣ್ಣು, ನೆಲದ ಮಣ್ಣು ಎರಡೂ ಒಂದಾಗುತ್ತವೆ. ಹೆಚ್ಚಾದ ನೀರನ್ನು ನೆಲ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಂಡ ಕಾದು ಒಣಗಿದರೂ ಬೇರು ಕೆಳಗಿನ ತಂಪಿನಲ್ಲಿ ನೀರು ಹುಡುಕಿಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ನಿಂತರೆ ಒಳಗಿನ ಮಣ್ಣು 40 ಡಿಗ್ರಿ ದಾಟುವುದುಂಟು, ಆ ಬಿಸಿಗೆ ಬೇರಿನ ತುದಿ ಸಾಯುತ್ತದೆ. ಕೆಳಗೆ ದಾರಿ ಇದ್ದರೆ ಗಿಡದ ಎಲ್ಲಾ ಬೇರೂ ಆ ಬಿಸಿಯಲ್ಲೇ ಸಿಕ್ಕಿಕೊಂಡಿರುವುದಿಲ್ಲ. ಗೊಬ್ಬರದ ಉಪ್ಪು ಕುಂಡದಲ್ಲೇ ಕಟ್ಟಿಕೊಳ್ಳದೆ ನೀರಿನ ಜೊತೆ ಇಳಿದುಹೋಗುತ್ತದೆ. ಎರೆಹುಳು ತಾನಾಗಿ ಮೇಲೆ ಬರುತ್ತದೆ, ನೀವು ಹುಡುಕಿ ತಂದು ಬಿಡಬೇಕಾಗಿಲ್ಲ.

ಹಾಗಾದರೆ ನೆಲದಲ್ಲೇ ನೆಡಬಹುದಲ್ಲ, ಕುಂಡದ ಗೋಡೆಯಾದರೂ ಯಾಕೆ ಅಂತ ಕೇಳುತ್ತೀರಿ. ಒಳ್ಳೆ ಪ್ರಶ್ನೆ. ನಿಮ್ಮ ನೆಲ ಹದವಾಗಿದ್ದರೆ ನೇರ ನೆಲದಲ್ಲೇ ನೆಡಿ, ನನ್ನ ತಕರಾರಿಲ್ಲ. ಆದರೆ ನೀರು ನಿಲ್ಲುವ ಅಂಟು ಜೇಡಿಮಣ್ಣಿನಲ್ಲಿ ರೋಸ್‌ಮೇರಿ, ಲ್ಯಾವೆಂಡರ್ ಥರದ ಗಿಡ ಬದುಕುವುದು ಕಷ್ಟ. 30 ಸೆಂ.ಮೀ. ಮೇಲೆ ಎತ್ತಿದರೆ ಅವುಗಳ ಬುಡ ಒಣಗಿರುತ್ತದೆ, ಕೆಳಗೆ ಬೇಕಾದಷ್ಟು ತೇವವೂ ಸಿಗುತ್ತದೆ. ಕಲ್ಲುನೆಲ ಇದ್ದವರು ಉದ್ದನೆಯ ಪೈಪಿನ ತುಂಡು ನಿಲ್ಲಿಸಿ, ಸಡಿಲ ಮಣ್ಣು ತುಂಬಿ ಕ್ಯಾರೆಟ್ ಹಾಕಿದರೆ ನೆಟ್ಟಗೆ ಇಳಿಯುತ್ತದೆ. ಅಷ್ಟೇ ಅಲ್ಲ, ಒಳ್ಳೆ ಗೊಬ್ಬರ ಮಣ್ಣು ಇಡೀ ತೋಟಕ್ಕೆ ಹಾಕುವ ಬದಲು ಗಿಡ ಇರುವಲ್ಲಿ ಮಾತ್ರ ಹಾಕಿದರೆ ಸಾಕು.

ಪುದೀನದ್ದು ಬೇರೆ ಲೆಕ್ಕ. ಅಲ್ಲಿ ಗೋಡೆ ಇರುವುದು ಗಿಡವನ್ನು ಕಟ್ಟಿಹಾಕಲಿಕ್ಕೆ. ಆಳವಾದ ಕುಂಡವನ್ನು ಮಣ್ಣಿನಲ್ಲಿ ಹೂತು, ಅಂಚನ್ನು ನಾಲ್ಕೈದು ಸೆಂಟಿಮೀಟರ್ ಮೇಲೆ ಬಿಡಬೇಕು. ಅಂಚು ಮಣ್ಣಿನ ಮಟ್ಟಕ್ಕೇ ಇದ್ದರೆ ಪುದೀನ ಮೇಲಿಂದಲೇ ದಾಟಿಕೊಂಡು ಹೋಗುತ್ತದೆ, ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆಯುವವರು ಕಳೆದ ಶತಮಾನದಲ್ಲೇ ಇದನ್ನು ಮಾಡಿದ್ದಾರೆ. ರಿಂಗ್ ಕಲ್ಚರ್ ಅಂತ ಹೆಸರು. ಸಣ್ಣ ಕಲ್ಲಿನ ಹಾಸು, ಅದರ ಮೇಲೆ ತಳವಿಲ್ಲದ ಕುಂಡ. ಗೊಬ್ಬರ ಕುಂಡಕ್ಕೆ, ನೀರು ಕೆಳಗಿನ ಹಾಸಿಗೆ. ಮೇಲಿನ ಬೇರು ಆಹಾರ ನೋಡಿಕೊಳ್ಳುತ್ತದೆ, ಕೆಳಗೆ ಇಳಿದ ಬೇರು ನೀರು ನೋಡಿಕೊಳ್ಳುತ್ತದೆ. ಅಲ್ಲಿ ಹಾಸನ್ನೇ ಒದ್ದೆಯಾಗಿ ಇಡುತ್ತಾರೆ, ಅದಕ್ಕೆ ಕಲ್ಲು ನಡೆಯುತ್ತದೆ. ಜಲ್ಲಿ ಬೇಡ ಅಂತ ಈಗಷ್ಟೇ ಬೈದೆಯಲ್ಲ ಅಂತ ಕಾಮೆಂಟ್ ಹಾಕಬೇಡಿ.

ಈಗ ಕೆಲಸ ಕಡಿಮೆ ಅನ್ನುವ ಮಾತಿಗೆ ಬರೋಣ. ಕೆಲವರು ವಿಡಿಯೊ ಮಾಡಿ, ತಳ ಕೊಯ್ದರೆ ಸಾಕು, ಗಿಡವನ್ನು ಮರೆತುಬಿಡಿ ಅನ್ನುತ್ತಾರೆ. ಇದನ್ನು ಮಾತ್ರ ನಂಬಬೇಡಿ. ಬೇರು ನೆಲಕ್ಕೆ ಇಳಿಯುವವರೆಗೆ ಅದು ಮಾಮೂಲಿ ಕುಂಡವೇ, ಇನ್ನೂ ಬೇಗ ಒಣಗುವ ಕುಂಡ, ಯಾಕೆಂದರೆ ಕೆಳಗೆ ಒಣ ನೆಲ ಇದ್ದರೆ ಅದು ನಿಮ್ಮ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಮೊದಲ ಕೆಲವು ವಾರ ಬಿಡದೆ ನೀರು ಕೊಡಿ, ಪ್ರತಿ ಸಲವೂ ಆಳಕ್ಕೆ ಇಳಿಯುವಷ್ಟು ಕೊಡಿ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದುಬಿಡುತ್ತದೆ.

ಇನ್ನೊಂದು ವಿಷಯ ಎಲ್ಲರೂ ಮರೆಯುವುದು. ಕುಂಡ ಕೂರಿಸುವ ಜಾಗವನ್ನು ಮೊದಲು ಅಗೆಯಿರಿ. ಒಂದು ಗೇಣು ಆಳಕ್ಕೆ ಸಡಿಲ ಮಾಡಿ, ಹುಲ್ಲಿದ್ದರೆ ಬೇರು ಸಮೇತ ಕಿತ್ತು ತೆಗೆಯಿರಿ, ಕುಂಡಕ್ಕೆ ಹಾಕುವ ಮಣ್ಣನ್ನೇ ಒಂದೆರಡು ಬೊಗಸೆ ಅಲ್ಲಿ ಬೆರೆಸಿ. ತುಳಿದು ತುಳಿದು ಗಟ್ಟಿಯಾದ ನೆಲದ ಮೇಲೆ ಇಟ್ಟರೆ ತಳ ತೆಗೆದು ಇನ್ನೊಂದು ತಳ ಕೊಟ್ಟ ಹಾಗಾಯ್ತು, ಅಲ್ವಾ? ನಡುವೆ ಪ್ಲಾಸ್ಟಿಕ್ ಹಾಳೆ, ಕಳೆ ತಡೆಯುವ ಬಟ್ಟೆ, ಏನೂ ಬೇಡ. ಹೆಗ್ಗಣದ ಕಾಟ ಇದ್ದರೆ ಮಾತ್ರ ಗಟ್ಟಿ ತಂತಿ ಜಾಲರಿ ಹಾಕಿ. ಕುಂಡದ ಕೆಳಗಿನ ಅಂಚು ನಾಲ್ಕೈದು ಸೆಂಟಿಮೀಟರ್ ಮಣ್ಣಿನೊಳಗೆ ಹೋಗಲಿ, ಆಗ ಗಾಳಿಗೆ ಅಲ್ಲಾಡುವುದಿಲ್ಲ, ನೀರು ಪಕ್ಕದಿಂದ ಸೋರುವುದಿಲ್ಲ.

ಬಾಲ್ಕನಿ, ಟೆರೇಸ್, ಸಿಮೆಂಟ್ ಅಂಗಳದವರಿಗೆ ಇದು ಅಲ್ಲವೇ ಅಲ್ಲ. ಗಿಡವನ್ನು ಆಗಾಗ ಜಾಗ ಬದಲಿಸುವವರಿಗೂ ಅಲ್ಲ, ಒಮ್ಮೆ ಬೇರು ಇಳಿದ ಮೇಲೆ ಎಳೆದರೆ ಬೇರು ಹರಿಯುತ್ತದೆ. ದೊಡ್ಡ ಮರದ ಹತ್ತಿರವೂ ಇಡಬೇಡಿ. ನೀವು ಗಿಡಕ್ಕೆ ಅಂತ ಹಾಕಿದ ಗೊಬ್ಬರಕ್ಕೆ ಮರ ಕೆಳಗಿನಿಂದ ಬೇರು ಕಳಿಸುತ್ತದೆ, ಮರದ ಎದುರು ನಿಮ್ಮ ಬದನೆ ಗಿಡ ಗೆಲ್ಲುವುದಿಲ್ಲ. ನೆಲದಲ್ಲಿ ಎಣ್ಣೆ, ಹಳೇ ಬಣ್ಣ, ರಾಸಾಯನಿಕ ಸುರಿದಿರಬಹುದು ಅನ್ನುವ ಅನುಮಾನ ಇದ್ದರೆ ತಿನ್ನುವ ಗಿಡಕ್ಕೆ ತಳ ಇರುವ ಕುಂಡವೇ ಇರಲಿ.

ಮಣ್ಣಿನ ಕುಂಡ ಕೊಯ್ಯಲು ಹೋಗಬೇಡಿ, ಸೀಳುತ್ತದೆ. ತಳ ತಾನಾಗಿ ಒಡೆದದ್ದು ಸಿಕ್ಕರೆ ಬಳಸಿ. ಹಳೇ ಪ್ಲಾಸ್ಟಿಕ್ ಬಕೆಟ್ಟು, ಕುಂಡ ಸಣ್ಣ ಗರಗಸಕ್ಕೆ ಸುಲಭವಾಗಿ ಬಗ್ಗುತ್ತವೆ. ಕೊಯ್ದ ಮೇಲೆ ತಲೆಕೆಳಗಾಗಿ ಕೂರಿಸಿ, ಅಗಲ ಬಾಯಿ ಕೆಳಗೆ ಬರಲಿ. ಆಗ ಅಲ್ಲಾಡದೆ ಕೂರುತ್ತದೆ. ಮುಂದೆ ಯಾವಾಗಲಾದರೂ ಕುಂಡ ಬೇಡ ಅನಿಸಿದರೆ, ಗಿಡದ ಕೊಂಬೆ ಸವರಿ ಮೇಲಕ್ಕೆ ಎತ್ತಿದರೆ ಮಣ್ಣು ಅಲ್ಲೇ ಉಳಿದು ಕುಂಡ ಮಾತ್ರ ಕೈಗೆ ಬರುತ್ತದೆ. ನೆಟ್ಟಗೆ ಇಟ್ಟಿದ್ದರೆ ಕೆಳಗಿನ ಕಿರಿದು ಬಾಯಿ ಮಣ್ಣಿನ ಗಡ್ಡೆಗೆ ಸಿಕ್ಕಿಕೊಳ್ಳುತ್ತದೆ, ಆಗ ಕುಂಡವನ್ನು ಸೀಳಿಯೇ ತೆಗೆಯಬೇಕು.