ಗುಮ್ಮಟಕ್ಕಿಂತ ದೊಡ್ಡದು ಅದರ ಅಂಗಳ

ಎಲ್ಲರಿಗೂ ನಮಸ್ಕಾರ. ವಾಕಿಂಗ್ ಮುಗಿಸಿ ನೇರವಾಗಿ ಇಲ್ಲಿಗೇ ಬಂದಿರುವ ಹಿರಿಯರಿಗೆ, ಭಾನುವಾರದ ನಿದ್ದೆ ಬಿಟ್ಟು ಬಂದಿರುವ ಕಾಲೇಜಿನ ಹುಡುಗ ಹುಡುಗಿಯರಿಗೆ ಇನ್ನೊಂದು ನಮಸ್ಕಾರ.

ವಿಜಯಪುರದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಬೇಕು ಅಂದರೆ ನಾವು ಎಲ್ಲಿಗೆ ಹೋಗುತ್ತೇವೆ? ಗೋಳಗುಮ್ಮಟದ ಅಂಗಳಕ್ಕೆ. ಇಲ್ಲವೇ ಇಬ್ರಾಹಿಂ ರೋಜಾಕ್ಕೆ. ಸಂಜೆ ಗಾಳಿಗೆ ಗಗನ ಮಹಲಿನ ಮುಂದೆ, ಬಾರಾ ಕಮಾನಿನ ಹತ್ತಿರ. ಬೇರೆ ಊರುಗಳಲ್ಲಿ ಪಾರ್ಕ್ ಬೇರೆ, ಸ್ಮಾರಕ ಬೇರೆ. ನಮ್ಮಲ್ಲಿ ಎರಡೂ ಒಂದೇ ಕಾಂಪೌಂಡಿನೊಳಗೆ. ಇಂಥ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಆದರೆ ಪಾರ್ಕಿಗೆ ಬೇಕಾದದ್ದು ಹಳೆಯ ಕಟ್ಟಡಕ್ಕೆ ಆಗಿಬರುವುದಿಲ್ಲ. ತೊಡಕು ಶುರುವಾಗುವುದು ಅಲ್ಲೇ.

ನಾವು ಕಟ್ಟಡವನ್ನು ಕಾಯುತ್ತಿದ್ದೇವೆ. ಅದು ನಿಂತ ನೆಲವನ್ನು, ಆ ನೆಲಕ್ಕೆ ನೀರು ತಂದ ದಾರಿಯನ್ನು ಮರೆತಿದ್ದೇವೆ. ಆ ಮರೆವು ಕಟ್ಟಡಕ್ಕೇ ಮುಳುವಾಗುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ.

ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾಹನ ಗೋರಿ ಅದು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ. ಬಂದವರೆಲ್ಲ ತಲೆ ಎತ್ತಿ ಅದನ್ನೇ ನೋಡುತ್ತಾರೆ, ನೋಡಲೇಬೇಕು. ಆದರೆ ಅದೇ ಅಂಗಳದಲ್ಲಿ ಒಂದು ಮಸೀದಿ ಇದೆ, ಧರ್ಮಶಾಲೆ ಇದೆ, ನಗಾರಿ ಬಾರಿಸುತ್ತಿದ್ದ ನಗಾರಖಾನೆ ಇದೆ. ನಗಾರಖಾನೆಯಲ್ಲಿ 1892ರಲ್ಲೇ ಮ್ಯೂಸಿಯಂ ಶುರುವಾಯಿತು. ಇವೆಲ್ಲ ಸೇರಿ ಒಂದೇ ಯೋಜನೆ. ಗೇಟಿನಿಂದ ನಡೆದು ಬರುವಾಗ ಮೊದಲು ನಗಾರಖಾನೆ ಎದುರಾಗಬೇಕು, ಅದರ ಹಿಂದೆ ಗುಮ್ಮಟ ಮೇಲೇಳಬೇಕು. ಆ ನಡಿಗೆಯೂ ಕಟ್ಟಿದವರು ಯೋಚಿಸಿ ಮಾಡಿದ್ದೇ. ನಡುವೆ ಎಲ್ಲೋ ಒಂದು ಅಂಗಡಿ, ಎಲ್ಲೋ ಒಂದು ದೊಡ್ಡ ಬೋರ್ಡು, ಫೋಟೋ ತೆಗೆಯಲು ಒಂದು ಬಣ್ಣದ ಪ್ರತಿಮೆ ಬಂತೋ, ಅಷ್ಟು ಹಾಳಾದಂತೆ. ಕಲ್ಲು ಒಂದೂ ಉದುರಿರುವುದಿಲ್ಲ, ಆದರೂ ಹಾಳೇ.

ಈಗ ನೀರಿನ ಮಾತು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬಯಲು ನಮ್ಮದು. ಊರ ಪಕ್ಕದಲ್ಲಿ ಹೊಳೆ ಇಲ್ಲ. ಅಂಥ ಕಡೆ ಆದಿಲ್ ಶಾಹಿ ಸುಲ್ತಾನರು ರಾಜಧಾನಿ ಬೆಳೆಸಿದರು. ಹೇಗೆ? ಪಕ್ಕದ ತೊರವಿ ಹಳ್ಳಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಬಾವಡಿ ಅಂದರೆ ದೊಡ್ಡ ಬಾವಿ; ಸುರಂಗ ಬಾವಡಿ ನೋಡದವರು ಒಮ್ಮೆ ನೋಡಿ ಬನ್ನಿ. 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿದರು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎನ್ನುವ ಎತ್ತರದ ಗೋಪುರಗಳು. ಒತ್ತಡ ಜಾಸ್ತಿಯಾಗಿ ಕೊಳವೆ ಒಡೆಯಬಾರದು, ಕೆಸರು ತಳದಲ್ಲೇ ನಿಲ್ಲಬೇಕು, ಅದಕ್ಕೆ ಈ ವ್ಯವಸ್ಥೆ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, ಇಬ್ರಾಹಿಂ ರೋಜಾದಲ್ಲಿ ಗೋರಿಗೂ ಮಸೀದಿಗೂ ನಡುವೆ ಇರುವ ಕಾರಂಜಿಯ ಕೊಳ, ಇವನ್ನೆಲ್ಲ ಒಟ್ಟಿಗೆ ನೋಡಿ. ಇಷ್ಟು ಹೊಂದಿಸಿಕೊಂಡ ಮೇಲೇ ಇಲ್ಲಿ ತೋಟ ಬೆಳೆದದ್ದು. ನೀರನ್ನು ಬಿಟ್ಟು ತೋಟವೊಂದನ್ನೇ ಉಳಿಸಲು ಹೊರಟರೆ ಅದು ಬೋರ್‌ವೆಲ್ ನಂಬಿದ ತೋಟವಾಗುತ್ತದೆ.

ತಾಜ್ ಬಾವಡಿಯ ಹೂಳು ಕೆಲವು ವರ್ಷಗಳ ಹಿಂದೆ ತೆಗೆದರು. ಒಳ್ಳೆಯ ಕೆಲಸ. ಆದರೆ ಬಾವಡಿ ಒಂದು ಸಲ ಸ್ವಚ್ಛವಾದರೆ ಸಾಲದು. ಅದರ ನೀರು ದಿನವೂ ಬಳಕೆಯಾಗಬೇಕು. ಬಳಸದ ಬಾವಿ ಮತ್ತೆ ಕಸದ ತೊಟ್ಟಿಯಾಗಲು ಎಷ್ಟು ದಿನ ಬೇಕು ಹೇಳಿ?

ನಾವು ಇಷ್ಟಪಡುವ ಹಸಿರು ಲಾನ್ ಆದಿಲ್ ಶಾಹಿ ಕಾಲದ್ದಲ್ಲ. ಸ್ಮಾರಕದ ಸುತ್ತ ಹುಲ್ಲು ಬೆಳೆಸಿ ಕತ್ತರಿಸಿ ಇಡುವ ಪದ್ಧತಿ ಬ್ರಿಟಿಷರ ಕಾಲದಲ್ಲಿ, ಮುಖ್ಯವಾಗಿ ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿದ್ದಾಗ, ದೇಶದ ತುಂಬ ಬೇರೂರಿತು. ನಾನು ಲಾನ್ ಕಿತ್ತು ಹಾಕಿ ಅನ್ನುತ್ತಿಲ್ಲ. ಮಕ್ಕಳು ಎಲ್ಲಿ ಆಡಬೇಕು? ಆದರೆ ಗೋಡೆಯ ಬುಡದವರೆಗೂ ಹುಲ್ಲು ಬೇಡ ಅನ್ನುತ್ತೇನೆ.

ಯಾಕೆ ಅಂತ ಹತ್ತಿರದಿಂದ ನೋಡೋಣ. ಬುಡಕ್ಕೆ ದಿನಾ ನೀರು ಬಿಟ್ಟರೆ ಆ ನೀರು ನೆಲದಲ್ಲೇ ಇರುವುದಿಲ್ಲ. ಕಲ್ಲಿನ ಸಂದಿಯ ಗಾರೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಬಿಸಿಲಿಗೆ ನೀರು ಆರುತ್ತದೆ, ಅದರಲ್ಲಿದ್ದ ಉಪ್ಪು ಹಿಂದೆ ಉಳಿಯುತ್ತದೆ. ಮೊಣಕಾಲೆತ್ತರದಲ್ಲಿ ಗೋಡೆಯ ಮೇಲೆ ಬಿಳಿ ಪುಡಿ ಕಾಣುತ್ತದಲ್ಲ, ಅದೇ ಇದು. ಬೆರಳಿಂದ ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಹೊರಗಿನ ಪುಡಿಗಿಂತ ಒಳಗೆ ಹರಳಾಗುವ ಉಪ್ಪಿನ ಕಾಟ ಜಾಸ್ತಿ. ಅದು ಹಿಗ್ಗಿ ಗಾರೆಯನ್ನು ಸಡಿಲ ಮಾಡುತ್ತದೆ, ಕಲ್ಲಿನ ಮೈ ಚಕ್ಕೆ ಏಳುತ್ತದೆ. ಅತಿಯಾಗಿ ನೀರು ಬಿಟ್ಟ ಎರೆಹೊಲ ಸವಳಾಗುವುದು ನಮ್ಮ ರೈತರಿಗೆ ಗೊತ್ತು. ಗೋಡೆಗೂ ಅದೇ ರೋಗ.

ಮದ್ದು ಕೂಡ ನಮ್ಮ ಹೊಲದಲ್ಲೇ ಇದೆ. ದ್ರಾಕ್ಷಿ, ನಿಂಬೆ ಬೆಳೆಯುವ ಜಿಲ್ಲೆ ಇದು. ಎಲ್ಲಿಗೆ ಬೇಕೋ ಅಲ್ಲಿಗಷ್ಟೇ ನೀರು ಬಿಡುವುದನ್ನು ಯಾರೂ ನಮಗೆ ಕಲಿಸಬೇಕಿಲ್ಲ. ಗೋಡೆಯಿಂದ ಹಲವು ಅಡಿ ಬಿಟ್ಟು ಜಲ್ಲಿ ಹಾಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಬೇಕು. ಆಚೆ ಕಡೆ ಹುಲ್ಲು. ಇನ್ನೂ ಆಚೆ ಕಡಿಮೆ ನೀರು ಕುಡಿಯುವ ನೆರಳಿನ ಮರ. ಹೇಳಲು ಸುಲಭ, ಮಾಡಿಸುವುದು ಕಷ್ಟ. ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ಕಟ್ಟಡದ ದುರಸ್ತಿ ಒಂದು ಕಡೆ, ತೋಟಗಾರಿಕೆಯ ಶಾಖೆ ಇನ್ನೊಂದು ಕಡೆ. ಗೇಟಿನ ಹೊರಗೆ ಮಹಾನಗರ ಪಾಲಿಕೆ. ನೀರು ಈ ಗಡಿಗಳನ್ನು ನೋಡಿಕೊಂಡು ಹರಿಯುವುದಿಲ್ಲ. ಮೂವರೂ ಒಂದೇ ನಕ್ಷೆ ಮುಂದಿಟ್ಟುಕೊಂಡು ಕೂರಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ.

ಇನ್ನೊಂದು ಶತ್ರು ಅರಳಿ ಸಸಿ. ಹಕ್ಕಿ ಹಿಕ್ಕೆಯಲ್ಲಿ ಬೀಜ ಬೀಳುತ್ತದೆ, ಗಾರೆಯ ಸಂದಿಯಲ್ಲಿ ಎರಡು ಎಲೆ ಚಿಗುರುತ್ತದೆ. ಹೆಬ್ಬೆಟ್ಟಿನಷ್ಟಿದ್ದಾಗ ತೆಗೆದರೆ ಮುಗಿಯಿತು. ಬಿಟ್ಟರೆ ಬೇರು ಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಬಲಿತ ಸಸಿಯನ್ನು ಮಾತ್ರ ಯಾರೂ ಜಗ್ಗಿ ಕೀಳಬೇಡಿ. ಕಾಂಡ ಕೈಗೆ ಬರುತ್ತದೆ, ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಜೊತೆಗೆ ಗಾರೆಯೂ ಉದುರುತ್ತದೆ. ಅದು ತಿಳಿದವರ ಕೆಲಸ.

ಉದುರಿದ ಕಡೆ ಸಿಮೆಂಟ್ ಮೆತ್ತುವುದು ಇನ್ನೂ ದೊಡ್ಡ ಅನಾಹುತ. ಸಿಮೆಂಟ್ ಗಟ್ಟಿ, ಆದರೆ ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಪಕ್ಕದ ಹಳೆಯ ಕಲ್ಲನ್ನು ತಿನ್ನುತ್ತದೆ. ಸುಣ್ಣದ ಗಾರೆ ಹಾಗಲ್ಲ, ಅದು ತೇವ ಬಿಟ್ಟುಕೊಡುತ್ತದೆ, ಸ್ವಲ್ಪ ಬಾಗುತ್ತದೆ. ಸುಣ್ಣ ಸುಟ್ಟು, ನೀರಲ್ಲಿ ಅರಳಿಸಿ, ವಾರಗಟ್ಟಲೆ ಕೊಳೆಹಾಕಿ, ಮರಳು ಸೇರಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಬೆರೆಸುತ್ತಿದ್ದರು. ಈ ಕೈಕೆಲಸ ಬಲ್ಲ ಗಾರೆಯವರು ಕಡಿಮೆಯಾಗುತ್ತಿದ್ದಾರೆ. ಇಲ್ಲಿರುವ ಸಿವಿಲ್ ಓದುವ ಹುಡುಗರೇ, ದಯವಿಟ್ಟು ಅವರ ಜೊತೆ ಕೂತು ಕಲಿಯಿರಿ. ಕೆಲಸ ತಿಳಿದವರೇ ಇಲ್ಲದಿದ್ದರೆ ದುಡ್ಡು ಬಂದರೂ ಏನು ಮಾಡೋದು?

ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹತ್ತುವ ಮೆಟ್ಟಿಲ ಪಕ್ಕ ಹೆಸರು ಕೆತ್ತುವವರ ಬಗ್ಗೆ ನಿಮಗೇ ಗೊತ್ತು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಆದ 2010ರ ತಿದ್ದುಪಡಿಯ ನಂತರ ಇದಕ್ಕೆ ಎರಡು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಅದೇ ಕಾನೂನಿನ ಇನ್ನೊಂದು ಭಾಗ ಅಕ್ಕಪಕ್ಕದ ಮನೆಯವರಿಗೆ ನೋವು ಕೊಟ್ಟಿದೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ನಿಯಮ ಇರಲೇಬೇಕು, ಇಲ್ಲದಿದ್ದರೆ ಗುಮ್ಮಟದ ಪಕ್ಕವೇ ಲಾಡ್ಜ್ ಏಳುತ್ತದೆ. ಆದರೆ ಸೋರುವ ಮಾಳಿಗೆ ರಿಪೇರಿಗೆ ಅರ್ಜಿ ಹಿಡಿದು ಅಲೆಯುವ ಅಜ್ಜಿಗೆ ಈ ಸ್ಮಾರಕದ ಮೇಲೆ ಪ್ರೀತಿ ಎಲ್ಲಿಂದ ಬರಬೇಕು? ಹಳೆಯ ಮನೆಯ ದುರಸ್ತಿಗೆ ಕಾನೂನಿನಲ್ಲೇ ದಾರಿ ಇದೆ. ಅರ್ಜಿ ಬರೆದುಕೊಡುವ ಒಂದು ಸಹಾಯ ಕೇಂದ್ರ ಊರಲ್ಲೇ ಇದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ನೆರೆಯವರನ್ನು ದೂರ ಮಾಡಿಕೊಂಡು ಯಾವ ಸ್ಮಾರಕವೂ ಉಳಿದಿಲ್ಲ.

ದಿನಾ ಬರುವ ನಿಮ್ಮ ಕಣ್ಣು ಯಾವ ಅಧಿಕಾರಿಗೂ ಇಲ್ಲ. ಅವರು ವರ್ಗವಾಗಿ ಹೋಗುತ್ತಾರೆ, ನೀವು ಇಲ್ಲೇ ಇರುತ್ತೀರಿ. ಒಬ್ಬೊಬ್ಬರು ಗೋಡೆಯ ಒಂದೊಂದು ಜಾಗ ಹಿಡಿಯಿರಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು, ಅದೇ ದೂರದಿಂದ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಳಿ ಪುಡಿ ಮೇಲೇರಿತೇ, ಸಂದಿ ಅಗಲವಾಯಿತೇ, ಸಸಿ ಬಂತೇ, ಫೋಟೋದಲ್ಲೇ ತಿಳಿಯುತ್ತದೆ. ದಿನಾಂಕ ಹಾಕಿ ಇಲಾಖೆಯ ಸ್ಥಳೀಯ ಕಚೇರಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನೀವಾಗಿ ಏನನ್ನೂ ಕೀಳುವುದು, ತೊಳೆಯುವುದು, ಮೆತ್ತುವುದು ಬೇಡ.

ಮೊದಲ ದೊಡ್ಡ ಮಳೆ ಬಂದಾಗ, ಮಳೆ ನಿಂತ ಕೂಡಲೇ ಅಂಗಳಕ್ಕೆ ಬನ್ನಿ. ನೀರು ಎಲ್ಲಿ ನಿಂತಿದೆ, ಯಾವ ಮೂಲೆಯಲ್ಲಿ ಗೋಡೆ ಕಡೆಗೆ ಹರಿದಿದೆ ಅಂತ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಆಮೇಲೆ ಎಲ್ಲರ ಗುರುತುಗಳನ್ನೂ ಒಂದೇ ನಕ್ಷೆಗೆ ಇಳಿಸೋಣ. ಆಸಕ್ತಿ ಇರುವವರು ಬಾಗಿಲ ಹತ್ತಿರದ ಪುಸ್ತಕದಲ್ಲಿ ಹೆಸರು, ತಮಗೆ ಅನುಕೂಲವಾದ ಜಾಗ ಬರೆದು ಹೋಗಿ. ಈಗ ನಿಮ್ಮ ಪ್ರಶ್ನೆಗಳು.