ಎಲ್ಲಿಂದ ಹೊರಟರೂ 6174

ನಮಸ್ಕಾರ. ಒಂದು ಪೆನ್ನು, ಹಳೇ ಕ್ಯಾಲೆಂಡರಿನ ಹಾಳೆ ಸಿಕ್ಕರೆ ಎತ್ತಿಕೊಳ್ಳಿ. ಸುಮ್ನೆ ಕೇಳುತ್ತಾ ಕೂತರೆ ಇವತ್ತಿನ ಮಾತಿನಲ್ಲಿ ಮಜಾ ಇಲ್ಲ. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ಬರೆಯಿರಿ, 7777 ಥರ ನಾಲ್ಕೂ ಒಂದೇ ಆಗಿರಬಾರದು, ಅಷ್ಟೇ. ನಾನು 1956 ಬರೆದುಕೊಂಡಿದ್ದೇನೆ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿದರೆ 9651, ಏರಿಕೆ ಕ್ರಮದಲ್ಲಿ 1569. ಕಳೆದರೆ 8082. ಅದಕ್ಕೂ ಹಾಗೇ ಮಾಡಿ: 8820ರಲ್ಲಿ 0288 ಹೋದರೆ 8532. ಮತ್ತೆ 8532ರಲ್ಲಿ 2358 ಹೋದರೆ 6174. ಇನ್ನೊಂದು ಸಲ? 7641ರಲ್ಲಿ 1467 ಕಳೆಯಿರಿ. ಅದೇ 6174! ಗಾಡಿ ಅಲ್ಲೇ ನಿಂತುಬಿಟ್ಟಿತು.

ನೀವು ಎಲ್ಲಿಂದ ಹೊರಟರೂ ಇಲ್ಲಿಗೇ ಬರುತ್ತೀರಿ. 2005 ಬರೆದವರು ಸ್ವಲ್ಪ ಜಾಸ್ತಿ ಒದ್ದಾಡಬೇಕು, ಏಳು ಸಲ ಕಳೆಯಬೇಕು. ಆದರೆ ಏಳು ದಾಟುವ ಸಂಖ್ಯೆ ಒಂದೂ ಇಲ್ಲ.

ಇದನ್ನು ಕಂಡುಹಿಡಿದವರು ಡಿ. ಆರ್. ಕಾಪ್ರೇಕರ್, ನಾಸಿಕ್ ಪಕ್ಕದ ದೇವಳಾಲಿಯ ಸ್ಕೂಲ್ ಮೇಷ್ಟ್ರು. ಡಾಕ್ಟರೇಟ್ ಇಲ್ಲ, ಯೂನಿವರ್ಸಿಟಿ ಕೆಲಸವೂ ಇಲ್ಲ. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಇದನ್ನು ಹೇಳಿದರು. ಹೊರಗಿನ ಜಗತ್ತಿಗೆ ಅವರ ಹೆಸರು ಚೆನ್ನಾಗಿ ಗೊತ್ತಾಗಿದ್ದು 1975ರಲ್ಲಿ, ಮಾರ್ಟಿನ್ ಗಾರ್ಡ್ನರ್ ಅಮೆರಿಕದ ಪತ್ರಿಕೆಯಲ್ಲಿ ಬರೆದ ಮೇಲೆ. ಅಷ್ಟು ಹೊತ್ತಿಗೆ ಮೇಷ್ಟ್ರಿಗೆ 70 ವರ್ಷ.

ಇದೇನು ಮಂತ್ರವಾ ಅಂದರೆ, ಅಲ್ಲ. ಗುಟ್ಟು ಮೊದಲನೇ ಕಳೆಯುವ ಲೆಕ್ಕದಲ್ಲೇ ಇದೆ. ಜೋಡಿಸಿದ ಸಂಖ್ಯೆಯಲ್ಲಿ ಆಚೀಚೆ ತುದಿಯ ಎರಡು ಅಂಕಿಗಳ ವ್ಯತ್ಯಾಸ ನೋಡಿ, ಅದನ್ನು 999ರಿಂದ ಗುಣಿಸಿ. ನಡುವಿನ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ. ಕೂಡಿದರೆ ಅದೇ ನಿಮ್ಮ ಉತ್ತರ. 7641ರಲ್ಲಿ ತುದಿಗಳ ವ್ಯತ್ಯಾಸ 6, ನಡುವಿನದು 2. 5994ಕ್ಕೆ 180 ಸೇರಿಸಿ, 6174 ಆಯ್ತಲ್ವಾ? ಅಂದರೆ ಲೆಕ್ಕಕ್ಕೆ ಬರುವುದು ಆ ಎರಡು ವ್ಯತ್ಯಾಸ ಮಾತ್ರ. ನಡುವಿನದು ತುದಿಯದಕ್ಕಿಂತ ದೊಡ್ಡದಾಗುವ ಹಾಗಿಲ್ಲ, ಹಾಗಾಗಿ ಇಂಥ ಜೋಡಿಗಳು ಒಟ್ಟು 54 ಅಷ್ಟೇ. ಸಾವಿರಾರು ಸಂಖ್ಯೆಗಳು ಒಂದೇ ಏಟಿಗೆ 54ಕ್ಕೆ ಇಳಿದವು! ಆ 54ನ್ನೂ ಒಂದೊಂದಾಗಿ ಬಿಡಿಸುವುದು ಒಂದು ಮಧ್ಯಾಹ್ನದ ಕೆಲಸ. ನನಗೆ ಇದು ಗೊತ್ತಾದ ಮೇಲೆ ಆಶ್ಚರ್ಯ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು.

ಪಕ್ಕದ ಮನೆ ಹುಡುಗಿಗೆ ಹೇಳಿಕೊಟ್ಟಿದ್ದೆ. ಮಾರನೇ ದಿನ ಹಾಳೆ ಹಿಡಿದುಕೊಂಡು ಬಂದಳು, “ಮಾಮ, ನಿಮ್ಮದು ಸುಳ್ಳು, ನನಗೆ ಸೊನ್ನೆ ಬಂತು.” 2111 ತಗೊಂಡಿದ್ದಳು. 1112 ಕಳೆದರೆ 999, ಅದರಲ್ಲಿ ಮತ್ತೆ 999 ಹೋಗಿ ಸೊನ್ನೆ. ತಪ್ಪಾಗಿದ್ದು ಮುಂದಿನ ಸೊನ್ನೆ ಬಿಟ್ಟದ್ದರಲ್ಲಿ. 0999 ಅಂತ ಬರೆದುಕೊಂಡರೆ 9990ರಲ್ಲಿ 0999 ಕಳೆದು 8991, ಆಮೇಲೆ 8082, 8532, 6174. ಮುಖ ಅರಳಿತು. ಮೂರು ಅಂಕಿಗೆ ಅಂದಳು. ಅದಕ್ಕೂ ಒಂದು ನಿಲ್ದಾಣ ಇದೆ, 495. ಹಾಗಾದರೆ ಎರಡು ಅಂಕಿಗೆ? ನೀನೇ ಮಾಡು ಅಂದೆ. 81, 63, 27, 45, 09, ಮತ್ತೆ 81. ಹಾಳೆಯ ಕೊನೆ ಸಾಲಿನ ತನಕ ಸುತ್ತಿ ಸುತ್ತಿ ಪೆನ್ನು ಕೆಳಗಿಟ್ಟಳು.

“ಇದು ನಿಲ್ಲೋದೇ ಇಲ್ವಾ ಮಾಮ?”

“ಇಲ್ಲ ಪುಟ್ಟಿ.”